ಬಿಂಕದ ಹೂವೂ ನನ್ನ ಅಂಗಡಿ ಬಾಗಿಲೂ

ನಾನು ಬಡಗಿ. ಮಾಡಿದ ಕೆಲಸಕ್ಕೆ ಯಾರಾದರೂ ಕೊಂಕು ತೆಗೆದರೆ ಮೂಗಿನ ತುದಿಯಲ್ಲೇ ಕೋಪ. ಆದರೆ ಅಕ್ಕನ ಮುಂದೆ ನನ್ನ ಆಟ ನಡೆಯುವುದಿಲ್ಲ. ನಲವತ್ತು ವರ್ಷದಲ್ಲಿ ಅವಳು ನನ್ನ ಕೆಲಸಕ್ಕೆ ಕೊಟ್ಟ ಅತಿ ದೊಡ್ಡ ಬಿರುದು "ಪರವಾಗಿಲ್ಲ."

ನನ್ನ ಅಂಗಡಿ ಎದುರಿನ ಉದ್ಯಾನದಲ್ಲಿ ಗಿಡ ನೋಡಿಕೊಳ್ಳುವುದು ಅಕ್ಕನ ಕೆಲಸ. ಅಲ್ಲೊಂದು ಪಾತಿಯಲ್ಲಿ ಅವಳ ಜೀವ ಇದೆ. ನೇರಳೆ ಬಣ್ಣದ ಕಾಡುಹೂವು. ಊರಾಚೆಯ ಬಯಲಲ್ಲಿ ಕಟ್ಟಡ ಎದ್ದ ಮೇಲೆ ಅದು ಉಳಿದದ್ದು ಆ ಪಾತಿಯಲ್ಲಿ ಮಾತ್ರ. ಒಂದು ಸಲ ಹೂಬಿಟ್ಟು ಒಣಗಿಹೋಗುವ ಗಿಡ. ಬೀಜ ಕಟ್ಟದಿದ್ದರೆ ಅದರ ಕಥೆ ಅಲ್ಲಿಗೇ ಮುಗಿಯಿತು. ಅಕ್ಕ ಅದನ್ನು ಬಿಂಕದವಳು ಎನ್ನುತ್ತಾಳೆ. ಜೇನ್ನೊಣ ಬಂದರೆ ಬರಿಗೈಲಿ ಕಳಿಸುತ್ತದೆ. ಕಪ್ಪು ದುಂಬಿ ತಬ್ಬಿಕೊಂಡು, ಗುಂಯ್ ಎಂದು ಇಡೀ ಹೂವನ್ನು ನಡುಗಿಸಿದರೆ ಮಾತ್ರ ಜರಡಿ ಹಿಡಿದ ಹಿಟ್ಟಿನ ಹಾಗೆ ಪರಾಗ ಉದುರಿಸುತ್ತದೆ.

ಕಳೆದ ಚಳಿಗಾಲ ಪಾತಿಯ ಪಕ್ಕದ ಮರದ ಕಮಾನು ರಿಪೇರಿ ಮಾಡಿದವನು ನಾನೇ. ಮೈತುಂಬ ದುಂಡನೆಯ ತೂತುಗಳು. ಮರದ ಪುಡಿಗೆ ಅಂಟು ಕಲಸಿ ಒಂದೊಂದನ್ನೂ ತುಂಬಿ, ಉಜ್ಜಿ, ಪಾಲಿಶ್ ಹೊಡೆದೆ. ಒಳಗೆ ಯಾರಾದರೂ ಇದ್ದಾರೆಯೇ ಎಂದು ಇಣುಕಲಿಲ್ಲ. ಮಗಳ ಮನೆಗೆ ಹೋಗಿದ್ದ ಅಕ್ಕ ಬಂದು ಬೆರಳಾಡಿಸಿ, "ಪರವಾಗಿಲ್ಲ" ಎಂದಳು.

ಈ ಸಲ ಇದ್ದಬದ್ದ ಬೀಜವನ್ನೆಲ್ಲ ಬಿತ್ತಿದ್ದಳು. ಹೂವೇನೋ ಬಿಟ್ಟಿತು, ದುಂಬಿ ಬರಲಿಲ್ಲ.

"ಎಲ್ಲಿ ಹಾಳಾಗಿ ಹೋದ್ವೋ! ಮರದಲ್ಲಿ ತೂತು ಕೊರ್ಕೊಂಡು ಇರ್ತವಂತೆ ಕಣೋ. ಯಾವ ಮರಾನೋ ಏನೋ."

ನಾನು ಕಮಾನಿನ ಕಡೆ ತಿರುಗಿ ನೋಡಿದೆ. ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ಎಲ್ಲ ಹೇಳಿಬಿಟ್ಟೆ. ಬೈಗುಳಕ್ಕೆ ಕಾದು ನಿಂತರೆ ಅವಳು ಅಂದದ್ದು ಇಷ್ಟೇ: "ಮುಚ್ಚಿದ ಕೈಯೇ ತೆಗೀಲಿ."

ಡ್ರಿಲ್ ಹಿಡಿದು ಹೋದೆ. ಎಲ್ಲಿ ಮುಚ್ಚಿದ್ದೆನೆಂದು ನನಗೇ ಸಿಗಲಿಲ್ಲ, ಅಷ್ಟು ನಯ! ನನ್ನ ಕೈಚಳಕಕ್ಕೆ ನಾನೇ ಶಾಪ ಹಾಕುತ್ತಾ ಅಂದಾಜಿನ ಮೇಲೆ ಕೊರೆದೆ. ಒಂದು ದುಂಬಿಯೂ ಮೂಸಿ ನೋಡಲಿಲ್ಲ. ಹೂಗಳು ಒಂದೊಂದಾಗಿ ಉದುರತೊಡಗಿದವು. ಅಕ್ಕ ಮಾತು ಕಡಿಮೆ ಮಾಡಿದಳು. ಅದಕ್ಕಿಂತ ಅವಳು ಬೈದಿದ್ದರೇ ಚೆನ್ನಾಗಿತ್ತು.

ಒಂದು ಮಧ್ಯಾಹ್ನ ಅಂಗಡಿ ಬಾಗಿಲಲ್ಲಿ ಕೂತು ಚಹಾ ಕುಡಿಯುತ್ತಿದ್ದಾಗ ಲೋಟಕ್ಕೆ ಮರದ ಪುಡಿ ಉದುರಿತು. ತಲೆ ಎತ್ತಿದರೆ ಚೌಕಟ್ಟಿನ ತೂತಲ್ಲಿ ಕಪ್ಪು ದುಂಬಿಯ ಹಿಂಭಾಗ! ಊರಿನ ಬಾಗಿಲಿಗೆಲ್ಲ ಪಾಲಿಶ್ ಹೊಡೆಯುವ ನನಗೆ ಸ್ವಂತ ಬಾಗಿಲಿಗೆ ಹೊಡೆಯಲು ಪುರುಸೊತ್ತೇ ಆಗಿರಲಿಲ್ಲ. ಆ ಬೋಳು ಮರವೇ ಅದಕ್ಕೆ ಹಿಡಿಸಿತ್ತು. ಹೊರಬಂದ ದುಂಬಿ ರಸ್ತೆ ದಾಟಿ ನೇರ ಪಾತಿಗೆ ಹಾರಿತು. ನಾನು ಬರಿಗಾಲಲ್ಲೇ ಹಿಂದೆ ಓಡಿದೆ. "ಶ್!" ಎಂದು ಅಕ್ಕ ನನ್ನ ತೋಳು ಹಿಡಿದು ನಿಲ್ಲಿಸಿದಳು. ಗುಂಯ್ ಎಂಬ ಸದ್ದು ಮುಗಿಯುವವರೆಗೂ ಕೈ ಬಿಡಲಿಲ್ಲ.

ಕಾಯಿ ಒಣಗಿದ ದಿನ ಅಕ್ಕ ಅಂಗಡಿಗೆ ಬಂದು ಒಂದನ್ನು ನನ್ನ ಅಂಗೈಯಲ್ಲಿ ಒಡೆದಳು. ಸಾಸಿವೆಗಿಂತ ಸಣ್ಣ ಬೀಜ. ಆಮೇಲೆ ತೂತು ಬಿದ್ದ ಚೌಕಟ್ಟನ್ನು ತುಂಬಾ ಹೊತ್ತು ನೋಡಿದಳು.

"ಇಷ್ಟು ಚೆಂದದ ಬಾಗಿಲು ನೀನು ಇನ್ನೊಂದು ಮಾಡಿಲ್ಲ ಕಣೋ."

"ಪರವಾಗಿಲ್ಲ" ಎಂದೆ.