ಎರ್ಮೀನಿಯಾಳ ತಟ್ಟೆ

ಇಟಲಿಯ ಬೆಟ್ಟದೂರು ಒರ್ವಿಯೆಟೊದ ದೊಡ್ಡ ಚರ್ಚಿನ ಎದುರು ನನ್ನದೊಂದು ಪೇಪರ್ ಅಂಗಡಿ. ಜನ ನನ್ನಲ್ಲಿ ಪೇಪರ್ ಕೊಳ್ಳುವುದಕ್ಕಿಂತ ಹೆಚ್ಚಾಗಿ ಪುಕ್ಕಟೆ ಸಲಹೆ ಕೇಳುತ್ತಾರೆ. ಬೆಟ್ಟ ಹತ್ತಿ ಬಂದವರು ಚರ್ಚಿನ ಫೋಟೊ ತೆಗೆದು, ಬೆವರು ಒರೆಸಿಕೊಂಡು, ನೇರ ನನ್ನ ಹತ್ತಿರ ಬಂದು, "ಇಲ್ಲಿ ಈ ಊರಿನದೇ ಊಟ ಎಲ್ಲಿ ಸಿಗುತ್ತೆ?" ಅನ್ನುತ್ತಾರೆ. ನಾನು ಎರ್ಮೀನಿಯಾಳ ಊಟದ ಮನೆಯಿರುವ ಓಣಿ ತೋರಿಸುತ್ತೇನೆ.

ಅಲ್ಲಿ ಬೋರ್ಡಿಲ್ಲ. ಬಾಗಿಲಿಗೊಂದು ಮಣಿಪರದೆ, ಒಳಗೆ ನಾಲ್ಕಾರು ಮೇಜು. ಕಿಟಕಿ ಪಕ್ಕದ್ದು ನನಗೂ ಕ್ಷೌರದಂಗಡಿಯ ಪ್ರಿಮೊಗೂ ಮೀಸಲು. ಹೆಂಡತಿ ತೀರಿಕೊಂಡ ಮೇಲೆ ನನ್ನ ಮಧ್ಯಾಹ್ನದ ಊಟ ಅಲ್ಲೇ. ಮೊದಲು ಕೈಯಲ್ಲಿ ಹೊಸೆದ ದಪ್ಪ ಶಾವಿಗೆ, ಆಮೇಲೆ 'ಕುಡುಕ ಹೇಂಟೆ'. ಅಂದರೆ ಈರುಳ್ಳಿ, ಟೊಮೆಟೊ ಹಾಕಿ ನಮ್ಮ ಬೆಟ್ಟದ ಬಿಳಿ ವೈನಿನಲ್ಲಿ ಬೇಯಿಸಿದ ಕೋಳಿ. ಜೊತೆಗೆ ನಮ್ಮ ಉಪ್ಪಿಲ್ಲದ ಬ್ರೆಡ್. ಯಾವುದೋ ಕಾಲದ ಪೋಪ್ ಉಪ್ಪಿಗೆ ತೆರಿಗೆ ಹಾಕಿದನೆಂದು ನಮ್ಮ ಹಿರಿಯರು ಸಿಟ್ಟಿನಿಂದ ಬ್ರೆಡ್ಡಿಗೆ ಉಪ್ಪು ಹಾಕುವುದನ್ನೇ ಬಿಟ್ಟರಂತೆ. ತೆರಿಗೆ ಹೋಯಿತು, ಸಿಟ್ಟು ಹೋಗಲಿಲ್ಲ.

ಇನ್ನೊಂದು ಮಾತು. ಅಡುಗೆ ಚೆನ್ನಾಗಿದೆ ಎಂದು ಇಲ್ಲಿ ಯಾರಾದರೂ ಬಾಯಿಬಿಟ್ಟು ಹೇಳಿದರೆ ಅವನು ಪರವೂರಿನವನು, ಇಲ್ಲವೇ ಓಟು ಕೇಳಲು ಬಂದವನು. ನಾವು ಬ್ರೆಡ್ಡಿನ ಚೂರಿನಿಂದ ತಟ್ಟೆ ಒರೆಸಿ ತಿನ್ನುತ್ತೇವೆ. ನಮ್ಮ ಮೆಚ್ಚುಗೆ ಅಷ್ಟೇ. ಮೇಜಿನ ಮುಂದೆ ಕೂತು ಉಪ್ಪು ಕೇಳುವುದಂತೂ ಅಡುಗೆಯವಳ ಮುಖಕ್ಕೆ ಹೊಡೆದ ಹಾಗೆ.

ಈ ವಸಂತದಲ್ಲಿ ಎರ್ಮೀನಿಯಾ ವೈನ್ ತರಲು ನೆಲಮಾಳಿಗೆಗೆ ಇಳಿಯುವಾಗ ಜಾರಿ ಬಲಗೈ ಮಣಿಕಟ್ಟು ಮುರಿದುಕೊಂಡಳು. ಮಗ ಸೆತ್ತಿಮಿಯೊ ಬಡಿಸಲು ಸರಿ, ಒಲೆಗಲ್ಲ; ಅವನು ನೀರು ಕಾಯಿಸಿದರೂ ತಳ ಹಿಡಿಯುತ್ತದೆ. ಉಳಿದವಳು ಸೊಸೆ ಫಿಲೊಮೆನಾ, ದಕ್ಷಿಣದ ಪುಲಿಯಾ ಸೀಮೆಯ ಹುಡುಗಿ. ಮದುವೆಯಾಗಿ ಬಂದಾಗಿನಿಂದ ಅತ್ತೆ ಅವಳ ಕೈಗೆ ಹಿಟ್ಟು ಕೊಟ್ಟಿದ್ದಳು, ಸೌಟು ಕೊಟ್ಟಿರಲಿಲ್ಲ.

"ಈ ವಾರ ಇವಳ ಅಡುಗೆ ನೋಡ್ತೀನಿ," ಎಂದಳು ಎರ್ಮೀನಿಯಾ ಎಲ್ಲರ ಎದುರೇ. "ಒರೆಸಿದ ತಟ್ಟೆ ವಾಪಸ್ ಬಂದ್ರೆ ಸರಿ. ಇಲ್ದಿದ್ರೆ ಬಾಗಿಲು ಹಾಕ್ತೀನಿ. ನನ್ನ ಹೆಸರಲ್ಲಿ ಕಂಡಕಂಡದ್ದು ಬಡಿಸೋದು ಬೇಡ."

"ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ," ಎಂದು ಪ್ರಿಮೊ ನನ್ನ ಕಿವಿಯಲ್ಲಿ ಕಿಸಕ್ಕನೆ ನಕ್ಕ. ನನಗೆ ನಗು ಬರಲಿಲ್ಲ. ಆ ಬಾಗಿಲು ಹಾಕಿದರೆ ನಾನು ಒಬ್ಬನೇ ಮನೆಯಲ್ಲಿ ಕೂತು ಮೊಟ್ಟೆ ಬೇಯಿಸಿಕೊಳ್ಳಬೇಕು.

ಮೊದಲ ದಿನ ಹೇಂಟೆ ಬಂತು. ಬಣ್ಣ ಅದೇ, ಘಮ ಅದೇ, ಬಾಯಿಗಿಟ್ಟರೆ ಸಪ್ಪೆ. ಪ್ರಿಮೊ ಗೊಣಗಿದ, "ಈ ಕೋಳಿ ಕುಡಿದಿಲ್ಲ ಕಣೋ, ಉಪವಾಸ ಹಿಡಿದಿದೆ." ಪಾಪ, ಹುಡುಗಿಗಾಗಿಯಾದರೂ ತಟ್ಟೆ ಒರೆಸೋಣವೆಂದು ಬ್ರೆಡ್ ಮುರಿದೆ. ಕೈ ಮುಂದೆ ಹೋಗಲಿಲ್ಲ. ಎಲ್ಲ ತಟ್ಟೆಗಳೂ ಕೆಂಪು ಸಾರು ಹೊತ್ತು ಒಳಗೆ ಹೋದವು. ಮಾರನೆಯ ದಿನವೂ ಅದೇ ಕಥೆ. ಅಡುಗೆಮನೆ ಬಾಗಿಲಲ್ಲಿ ಕೈಗೆ ಪಟ್ಟಿ ಕಟ್ಟಿಸಿಕೊಂಡು ಕೂತ ಎರ್ಮೀನಿಯಾ ಒಂದೊಂದು ತಟ್ಟೆಯನ್ನೂ ನೋಡಿದಳು.

ಅದರ ಮರುದಿನ ಬೆಳಗ್ಗೆ ಮಿಲಾನಿನ ಗಂಡಹೆಂಡತಿ ಇಬ್ಬರು ನನ್ನ ಹತ್ತಿರ ಬಂದು ಮಾಮೂಲಿ ಪ್ರಶ್ನೆ ಕೇಳಿದರು. ನಾನು ಕೆಳಗಿನ ಪಿಜ್ಜಾ ಅಂಗಡಿ ಕಡೆ ಕೈ ತೋರಿಸಿದೆ. ತಿರುಗಿ ನೋಡಿದರೆ ಬೆಂಕಿಪೊಟ್ಟಣ ಕೊಳ್ಳಲು ಬಂದ ಫಿಲೊಮೆನಾ ನಿಂತಿದ್ದಾಳೆ.

"ಓರೆಸ್ತೆ ಮಾವ, ನಮ್ಮ ಓಣಿ ಯಾವಾಗ ಆ ಕಡೆಗೆ ಹೋಯ್ತು?"

"ಅದು... ಅವರಿಗೆ ಪಿಜ್ಜಾನೇ ಬೇಕಿತ್ತಮ್ಮ."

"ಅವರು ಏನು ಕೇಳಿದ್ರು ಅಂತ ನನ್ನ ಕಿವಿಗೂ ಬಿತ್ತು. ಸುಳ್ಳು ಹೇಳೋಕೂ ಬರಲ್ಲ ನಿಮಗೆ. ಏನು ತಪ್ಪು ಮಾಡ್ತಿದ್ದೀನಿ ಹೇಳಿ."

"ಉಪ್ಪು ಸಾಲ್ದು ಕಣಮ್ಮ."

"ಅಷ್ಟೇನಾ? ಅದನ್ನ ಹೇಳೋಕೆ ಬಾಯಿ ಇರ್ಲಿಲ್ವಾ? ನಮ್ಮೂರಲ್ಲಾಗಿದ್ರೆ ಅಡುಗೆಮನೆಗೇ ನುಗ್ಗಿ ಬೈತಿದ್ರು! ನೀವೂ ನಿಮ್ಮ ಬ್ರೆಡ್ಡೂ ಒಂದೇ!" ಅವಳ ಕಣ್ಣಲ್ಲಿ ನೀರಾಡಿತು. "ಅತ್ತೆ ಹಾಕ್ತಿದ್ದಷ್ಟೇ ಹಾಕಿದ್ದೆ. ಚಮಚದಲ್ಲಿ ರುಚಿ ನೋಡಿದ್ರೆ ಬಾಯಿಗಿಡೋಕಾಗ್ಲಿಲ್ಲ, ಅಷ್ಟು ಉಪ್ಪು. ಇನ್ನಷ್ಟು ನೀರು, ಟೊಮೆಟೊ ಹಾಕಿ ಸರಿ ಮಾಡ್ದೆ. ನಾನು ಹುಟ್ಟಿದಾಗಿಂದ ಅಡುಗೆ ನೋಡಿದ್ದೀನಿ, ಮಾವ."

ನನಗೆ ನಾಚಿಕೆಯಾಯಿತು. ಅಂಗಡಿ ಬಾಗಿಲೆಳೆದು ಅವಳ ಹಿಂದೆಯೇ ನಡೆದೆ.

ಅವಳು ಸೀದಾ ಒಳಗೆ ಹೋಗಿ ಕೇಳಿದಳು, "ಅತ್ತೆ, ಉಪ್ಪು ಕಡಿಮೆ ಅಂತ ನಿಮಗೆ ಗೊತ್ತಿತ್ತಾ?"

"ಮೊದಲನೇ ದಿನಾನೇ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನೀನು ಕೇಳ್ಲಿಲ್ಲ."

ಫಿಲೊಮೆನಾ ಅತ್ತೆಯ ಎದುರು ಬಂದು ನಿಂತಳು. "ಈಗ ಕೇಳ್ತಿದ್ದೀನಿ."

ಎರ್ಮೀನಿಯಾ ಎಡಗೈಯಲ್ಲಿ ಬ್ರೆಡ್ ಮುರಿದು ಸೊಸೆಯ ಕೈಗಿಟ್ಟಳು. "ಆ ಚಮಚ ಆಚೆಗಿಡು. ಈ ಊರಲ್ಲಿ ಯಾರೂ ಬರೀ ಸಾರು ತಿನ್ನಲ್ಲ. ಬ್ರೆಡ್ಡಿನ ಪಾಲಿನ ಉಪ್ಪೂ ಪಾತ್ರೆಗೇ ಬೀಳ್ಬೇಕು. ಇದನ್ನ ಒಲೆ ಮೇಲಿನ ಸಾರಲ್ಲಿ ಅದ್ದಿ ನೋಡು."

ಹುಡುಗಿ ಅದ್ದಿ ತಿಂದಳು. ಚಿಟಿಕೆ ಉಪ್ಪು ಹಾಕಿ ಕದಡಿ ಮತ್ತೆ ಅದ್ದಿದಳು, ಮತ್ತೊಂದು ಚಿಟಿಕೆ ಹಾಕಿದಳು. ಕೊನೆಗೊಮ್ಮೆ ಅವಳ ಹುಬ್ಬು ಮೇಲೇರಿತು. ನಾನು ಅಲ್ಲಿಂದ ಓಡಿ, ಮಿಲಾನಿನವರನ್ನು ಪಿಜ್ಜಾ ಅಂಗಡಿಯ ಬಾಗಿಲಿನಿಂದಲೇ ವಾಪಸ್ ಕರೆತಂದೆ.

ಮಧ್ಯಾಹ್ನ ಮಿಲಾನಿನಾಕೆ "ಅದ್ಭುತ, ಅದ್ಭುತ" ಎನ್ನುತ್ತಲೇ ಇದ್ದಳು, ಯಾರೂ ಕಿವಿಗೊಡಲಿಲ್ಲ. ಪ್ರಿಮೊ ತಲೆಯೆತ್ತದೆ ತಟ್ಟೆ ಒರೆಸುತ್ತ, "ಇವತ್ತು ಚೆನ್ನಾಗಿ ಕುಡಿದಿದೆ," ಎಂದ. ನಾನೂ ಒರೆಸಿದೆ, ಹೊಟ್ಟೆ ತಣ್ಣಗಾಯಿತು. ಆಗ ಎರ್ಮೀನಿಯಾ ಎದ್ದು ಬಂದು ನಮ್ಮ ಮೇಜಿಗೆ ಕುರ್ಚಿ ಎಳೆದುಕೊಂಡಳು. ಅವಳು ಗಿರಾಕಿಗಳ ಜೊತೆ ಕೂತದ್ದನ್ನು ನಾನು ಎಂದೂ ಕಂಡಿರಲಿಲ್ಲ.

"ನನಗೂ ಒಂದು ತಟ್ಟೆ ತಾ," ಎಂದಳು ಮಗನಿಗೆ.

ಅವಳು ನಿಧಾನವಾಗಿ ತಿಂದಳು. ಫಿಲೊಮೆನಾ ಒಳಬಾಗಿಲಲ್ಲಿ ನಿಂತು, ಒಣಗಿದ ಕೈಯನ್ನೇ ಮತ್ತೆ ಮತ್ತೆ ಒರೆಸಿಕೊಳ್ಳುತ್ತಿದ್ದಳು. ಕೋಳಿ ಮುಗಿಯಿತು. ಎರ್ಮೀನಿಯಾ ಎಡಗೈಗೆ ಬ್ರೆಡ್ ತೆಗೆದುಕೊಂಡು ತಟ್ಟೆಗೆ ಒತ್ತಿದಳು. ಹಿಡಿಯಲು ಇನ್ನೊಂದು ಕೈ ಇಲ್ಲದೆ ತಟ್ಟೆ ಮೇಜಿನ ಮೇಲೆ ಜಾರಿತು. ಇನ್ನೊಮ್ಮೆ ಒತ್ತಿದಳು, ಮತ್ತೆ ಜಾರಿತು. ನಮ್ಮಲ್ಲಿ ಯಾರಿಗೂ ಕೈ ಚಾಚುವ ಧೈರ್ಯವಾಗಲಿಲ್ಲ.

ಫಿಲೊಮೆನಾ ಬಂದು ಎರಡು ಕೈಯಿಂದ ತಟ್ಟೆಯ ಅಂಚು ಹಿಡಿದಳು. ಅತ್ತೆ ಸೊಸೆಯ ಮುಖ ನೋಡದೆ, ಸುತ್ತಲೂ ತಿರುಗಿಸಿ ತಿರುಗಿಸಿ, ಒಂದು ಹನಿ ಸಾರೂ ಉಳಿಯದಂತೆ ಒರೆಸಿ ತಿಂದಳು.

"ನಾಳೆ ಬೆಳಗ್ಗೆ ನನ್ನ ಎಬ್ಬಿಸ್ಬೇಡ," ಎಂದಳು ಬಾಯಿ ಒರೆಸಿಕೊಳ್ಳುತ್ತ. "ಒಲೆ ನೀನೇ ಹಚ್ಚು."