ತಂಗಿ ನಿಂತ ಹುಲ್ಲು

ಅಷ್ಟು ದೊಡ್ಡ ಹುಲ್ಲುಗಾವಲಿನಲ್ಲಿ ಕೊಯ್ಯದೆ ಬಿಟ್ಟ ಜಾಗ ಎಂದರೆ ನಟ್ಟನಡುವಿನ ಒಂದೇ ಒಂದು ಪಟ್ಟೆ. ಟ್ರ್ಯಾಕ್ಟರ್ ನಾಲ್ಕು ಸಲ ಹೋಗಿ ಬಂದರೆ ಮುಗಿದುಹೋಗುವಷ್ಟು ಅಗಲ. ಅದಕ್ಕೆ ‘ತಂಗಿ ಪಟ್ಟೆ’ ಎಂದು ಹೆಸರು. ಕಚೇರಿಯ ನಕ್ಷೆಯಲ್ಲಿ ಆ ಹೆಸರು ಹುಡುಕಿದರೆ ಸಿಗುವುದಿಲ್ಲ. ಹುಲ್ಲು ಕೊಯ್ಯುವ ಅಣ್ಣ ಹಾಗೆ ಕರೆಯುತ್ತಿದ್ದ, ಅವನ ಹೆಂಡತಿ ಕರೆಯುತ್ತಿದ್ದಳು, ದನ ಮೇಯಿಸಲು ಬರುವವರೂ ಹಾಗೇ ಕರೆಯುತ್ತಿದ್ದರು.

ಅದಕ್ಕೆ ಬೆಂಕಿ ಹಾಕಬೇಕು ಎಂದು ಹೇಳಲು ಈಗ ಬಂದಿದ್ದವಳು ಬೇರೆ ಯಾರೂ ಅಲ್ಲ, ಆ ತಂಗಿಯೇ.

ಊರೂರು ಸುತ್ತಿ, ಹುಲ್ಲು, ಇಲಿ, ಮೊಲ ಎಂದು ಓದಿ, ತಲೆ ಅರ್ಧ ನರೆತ ಮೇಲೆ ಅವಳು ಅದೇ ಹುಲ್ಲುಗಾವಲಿಗೆ ಅಧಿಕಾರಿಯಾಗಿ ಬಂದಿದ್ದಳು. ಅಣ್ಣ ಊರಿಗೆಲ್ಲ ಹೇಳಿಕೊಂಡು ತಿರುಗಿದ. ಬಂದ ವಾರದಲ್ಲೇ ಅವಳು ಅಡುಗೆಮನೆಯ ಮೇಜಿನ ಮುಂದೆ ಕೂತು, ಅತ್ತಿಗೆ ಕೊಟ್ಟ ಚಹಾ ಆರಿಸಿಕೊಳ್ಳುತ್ತಾ ಈ ಮಾತು ತೆಗೆದಳು.

“ಪಟ್ಟೆ ತುಂಬ ಮುಳ್ಳುಗಿಡ ಬೆಳೆದುಬಿಟ್ಟಿದೆ ಅಣ್ಣಾ. ಅಲ್ಲಿ ಹುಲ್ಲೇ ಇಲ್ಲ. ಒಂದು ಸಲ ಸುಡಬೇಕು.”

ಅಣ್ಣನ ಮುಖ ಸಪ್ಪಗಾಯಿತು. “ಅದನ್ನ ಯಾರಿಗೋಸ್ಕರ ಬಿಟ್ಟಿದ್ದು ಅಂತ ಗೊತ್ತಲ್ಲ ನಿಂಗೆ?” ಎಂದ.

ಗೊತ್ತಿಲ್ಲದೆ ಏನು. ಅವರಿಬ್ಬರೂ ಚಿಕ್ಕವರಿದ್ದಾಗ ಟ್ರ್ಯಾಕ್ಟರ್ ಓಡಿಸುತ್ತಿದ್ದವನು ಅಪ್ಪ. ಅವನು ಅಂಚಿನಿಂದ ಶುರುಮಾಡಿ ಸುತ್ತು ಹಾಕುತ್ತಾ ಒಳಗೆ ಹೋಗುತ್ತಿದ್ದ. ಸದ್ದಿಗೆ ಹೆದರಿದ ಪ್ರಾಣಿಗಳೂ ಒಳಗೊಳಗೇ ಸರಿಯುತ್ತಿದ್ದವು. ಕೊನೆಗೆ ಇದ್ದಬದ್ದ ಇಲಿಯೆಲ್ಲ ನಡುವೆ ಉಳಿದ ಹುಲ್ಲಿನಲ್ಲಿ ಬಂದು ಸೇರಿ, ಕೊನೆಯ ಸುತ್ತಿನಲ್ಲಿ ಯಂತ್ರಕ್ಕೆ ಸಿಕ್ಕಿ ಸಾಯುತ್ತಿತ್ತು. ಅಪ್ಪ ಕೆಟ್ಟವನೇನಲ್ಲ, ಅವನ ಅಪ್ಪನೂ ಹಾಗೇ ಕೊಯ್ದಿದ್ದ, ಅಷ್ಟೇ. ಒಂದು ದಿನ ಊಟದ ಡಬ್ಬಿ ತಂದ ತಂಗಿ ಇದನ್ನು ಕಂಡಳು. ಡಬ್ಬಿ ಕೆಳಗಿಟ್ಟು ನೇರ ಆ ಹುಲ್ಲಿನೊಳಗೆ ಹೋಗಿ ನಿಂತಳು. ಹುಲ್ಲು ಅವಳ ಕುತ್ತಿಗೆಗೆ ಬರುತ್ತಿತ್ತು. ಕಾಲಬುಡದಲ್ಲಿ ಮೊಂಡುಬಾಲದ ಕಂದು ಇಲಿಗಳು ಗಿಜಿಗುಡುತ್ತಿದ್ದವು. ಟ್ರ್ಯಾಕ್ಟರ್ ಚಕ್ರದ ಮೇಲಿನ ತಗಡಿನ ಮೇಲೆ ಕೂತಿದ್ದ ಅಣ್ಣನಿಗೆ ಅವಳ ತಲೆ, ಎರಡು ಜಡೆ ಮಾತ್ರ ಕಾಣುತ್ತಿತ್ತು.

“ಆಚೆ ಬರ್ತೀಯೋ, ಇಲ್ಲ ನಿನ್ನನ್ನೂ ಕೊಯ್ದು ಕಂತೆ ಕಟ್ಲೋ?” ಎಂದು ಅಪ್ಪ ಗದರಿದ.

“ಕಟ್ಟು” ಎಂದಳು ತಂಗಿ.

ಅಪ್ಪ ಒಂದು ಗಳಿಗೆ ಅವಳನ್ನೇ ನೋಡಿದ. ಎಂಜಿನ್ ಆರಿಸಿ, ಡಬ್ಬಿ ಬಿಚ್ಚಿ ಅಲ್ಲೇ ಕೂತು ಊಟ ಮಾಡಿದ. ಉಳಿದ ಹುಲ್ಲನ್ನು ಕೊಯ್ಯಲಿಲ್ಲ, ಆ ವರ್ಷವೂ, ಮುಂದೆಂದೂ. ಅಪ್ಪ ಹೋದ ಮೇಲೆ ಅಣ್ಣ ಟ್ರ್ಯಾಕ್ಟರ್ ಹತ್ತಿದ. ದೂರದೂರಿನಲ್ಲಿದ್ದ ತಂಗಿ ನೆನಪಾದಾಗಲೆಲ್ಲ ಪಟ್ಟೆಯ ಅಂಚಿಗೆ ಹೋಗಿ ಬೀಡಿ ಸೇದಿ ಬರುತ್ತಿದ್ದ. ಅವಳು ವರ್ಷಕ್ಕೊಮ್ಮೆ ಬಂದರೂ ಜಡೆಯ ಹುಡುಗಿ ಮಾತ್ರ ಅಲ್ಲೇ ನಿಂತಿದ್ದಾಳೆ ಎಂದು ಅವನಿಗೆ ಅನ್ನಿಸುತ್ತಿತ್ತು. ಅದನ್ನು ಯಾರೊಂದಿಗೂ ಹೇಳಿಕೊಂಡವನಲ್ಲ.

“ಆ ಇಲಿ ಈಗ ಅಲ್ಲಿಲ್ಲ ಅಣ್ಣಾ” ಎಂದಳು ತಂಗಿ. “ಅವಕ್ಕೆ ಬೇಕಾದ್ದು ಹುಲ್ಲು, ಅದರಡಿಯಲ್ಲಿ ಹೋದ ವರ್ಷದ ಒಣಹುಲ್ಲಿನ ಹಾಸು. ಅದರೊಳಗೇ ದಾರಿ ಮಾಡ್ಕೊಂಡು ಓಡಾಡ್ತವೆ. ಮುಳ್ಳಿನ ನೆರಳಲ್ಲಿ ಹುಲ್ಲು ಸತ್ತುಹೋಯ್ತು.”

“ಇದ್ದಾವೆ. ನಾನು ನೋಡಿದೀನಿ.”

“ಯಾವಾಗ?”

“ನೋಡಿದೀನಿ ಅಂದ್ನಲ್ಲ” ಎಂದ ಅಣ್ಣ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ ಅವನದು. ತಂಗಿಯೂ ಅದೇ ಹೊಟ್ಟೆಯಲ್ಲಿ ಹುಟ್ಟಿದವಳು. ಕೊನೆಗೆ ಒಪ್ಪಂದವಾಯಿತು: ಪಟ್ಟೆಯಲ್ಲಿ ತಂಗಿ ತಗಡಿನ ಇಲಿಪೆಟ್ಟಿಗೆಗಳನ್ನು ಇಡುವುದು. ಒಳಗೆ ಕಾಳು, ಚಳಿಗೆ ಒಂದಿಷ್ಟು ಹತ್ತಿ. ಸಿಕ್ಕ ಇಲಿಗೆ ಏನೂ ಆಗುವುದಿಲ್ಲ. ಒಂದೇ ಒಂದು ಮೊಂಡುಬಾಲ ಸಿಕ್ಕರೂ ಬೆಂಕಿಯ ಮಾತು ಎತ್ತುವಂತಿಲ್ಲ.

ಮೊದಲ ಬೆಳಗ್ಗೆ ಪೆಟ್ಟಿಗೆಯೆಲ್ಲ ಖಾಲಿ. ಮರುದಿನ ಒಂದು ಪೆಟ್ಟಿಗೆಯಲ್ಲಿ ಬಸವನಹುಳು. ಅಣ್ಣನಿಗೆ ಊಟ ಸೇರಲಿಲ್ಲ.

ಮೂರನೆಯ ಬೆಳಗ್ಗೆ ಪೆಟ್ಟಿಗೆಯೊಂದು ಅಲ್ಲಾಡುತ್ತಿತ್ತು. ತಂಗಿ ಇಲಿಯನ್ನು ಬಟ್ಟೆಚೀಲಕ್ಕೆ ಇಳಿಸಿಕೊಂಡು ಮೆಲ್ಲನೆ ಕುತ್ತಿಗೆ ಹಿಡಿದು ಎತ್ತಿದಳು. ದುಂಡು ಮೈ, ಕಂಡೂ ಕಾಣದ ಕಿವಿ, ಮೊಂಡು ಬಾಲ.

“ನೋಡಿದ್ಯಾ?” ಎಂದ ಅಣ್ಣ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎಂಬಂತೆ ಅವನ ಕಣ್ಣು ಮಾತ್ರ ಮೋಡದ ಕಡೆಗಿತ್ತು.

ತಂಗಿ ಇಲಿಯನ್ನು ತಿರುಗಿಸಿ ಬೆನ್ನು ತೋರಿಸಿದಳು. ಸೊಂಟದ ಹತ್ತಿರ ಒಂದಿಷ್ಟು ಕೂದಲು ಕತ್ತರಿಸಿದ ಗುರುತಿತ್ತು. “ಇವಳು ಮೊನ್ನೆ ರಸ್ತೆಬದಿ ಬೇಲಿಯ ಬುಡದಲ್ಲಿ ಇಟ್ಟ ಪೆಟ್ಟಿಗೆಗೆ ಸಿಕ್ಕಿದ್ಲು. ನಾನೇ ಗುರುತು ಹಾಕಿ ಬಿಟ್ಟಿದ್ದೆ. ಇಲ್ಲಿಗೆ ಬಸ್ ಹಿಡಿದು ಬಂದ್ಲಾ, ಇಲ್ಲ ನಿನ್ನ ಟ್ರ್ಯಾಕ್ಟರಲ್ಲಾ?”

ಅಣ್ಣನ ಕಿವಿ ಕೆಂಪಾಯಿತು. ಬೇಲಿಯ ಮುಳ್ಳು ತರಚಿದ ಕೈಗಳನ್ನು ಅವನು ಜೇಬಿಗೆ ಸೇರಿಸಿದ. ತಂಗಿ ಮೊದಲು ನಕ್ಕಳು. ಅವನು ನಗದಿದ್ದುದನ್ನು ಕಂಡು ನಗು ನಿಲ್ಲಿಸಿದಳು.

“ಸುಟ್ಟುಬಿಟ್ರೆ ನೀನು ನಿಂತಿದ್ದ ಜಾಗ ಇರಲ್ವಲ್ಲೇ” ಎಂದ ಅಣ್ಣ. ಅಲ್ಲೇ ನೆಲದ ಮೇಲೆ ಕೂತುಬಿಟ್ಟ. “ನೀನು ಹೋದ ಮೇಲೆ ಇಷ್ಟು ವರ್ಷ ನಂಗೆ ಇದ್ದಿದ್ದು ಇದೇ.”

ತಂಗಿಗೆ ಇದು ಗೊತ್ತಿರಲಿಲ್ಲ. ಇಲಿಪ್ರೀತಿಗೆ ಬಿಟ್ಟಿದ್ದಾನೆ ಎಂದೇ ಅವಳು ತಿಳಿದಿದ್ದಳು. ಚೀಲ ಹಿಡಿದೇ ಅವನ ಪಕ್ಕ ಕೂತಳು.

“ಅವತ್ತು ನಾನು ನಿಂತಿದ್ದು ಇವಕ್ಕೋಸ್ಕರ. ಇವೇ ಇಲ್ಲದ ಕಡೆ ಯಾಕೆ ನಿಲ್ಲಲಿ, ಹೇಳು. ಜಾಗ ಹೋದ್ರೆ ಹೋಗ್ಲಿ. ವರ್ಷಕ್ಕೊಂದು ಕಡೆ ಬಿಡೋಣ. ಒಂದು ಕಡೆ ಸುಟ್ಟಿದ್ದು, ಒಂದು ಕಡೆ ಕೊಯ್ದಿದ್ದು, ಒಂದು ಕಡೆ ಹಾಗೇ ಬಿಟ್ಟಿದ್ದು. ಯಾರಿಗೆ ಯಾವುದು ಬೇಕೋ ಅಲ್ಲಿರ್ತಾರೆ. ಈಗ ನಾನೂ ಇಲ್ಲೇ ಇದೀನಲ್ಲ.”

ಅಣ್ಣ ಎದ್ದು ಹೋಗಿ ಒಂದು ಮುಳ್ಳುಗಿಡವನ್ನು ಅಲುಗಿಸಿ ನೋಡಿದ. ಆಮೇಲೆ, “ಬೆಂಕಿ ನಾನೇ ಹಚ್ತೀನಿ. ಬೇರೆಯವರು ಬೇಡ” ಎಂದ.

ಗಾಳಿ ತಣ್ಣಗಿದ್ದ ಒಂದು ಬೆಳಗ್ಗೆ ಅವನೇ ಹಚ್ಚಿದ, ಒಂದೇ ಬದಿಯಿಂದ, ಓಡುವವರಿಗೆ ಇನ್ನೊಂದು ಬದಿ ಬಿಟ್ಟು. ಹೊಗೆಯಲ್ಲಿ ಅಪ್ಪನ ಹಳೆಯ ಅಂಗಿಯ ವಾಸನೆ ಇತ್ತು. ಅವನು ಕಣ್ಣೊರೆಸಿಕೊಂಡ, ಹೊಗೆ ಎಂದ, ತಂಗಿ ಹೌದೆಂದಳು. ಕೆಲವೇ ದಿನಗಳಲ್ಲಿ ಬರಿ ನೆಲದ ಮೇಲೆ ಉದ್ದಬಾಲದ, ದೊಡ್ಡಕಣ್ಣಿನ ಬೇರೆ ಜಾತಿಯ ಇಲಿಗಳು ಓಡಾಡತೊಡಗಿದವು. ಅವಕ್ಕೆ ಅಂಥ ನೆಲವೇ ಇಷ್ಟವಂತೆ. ಮಳೆ ಬಿದ್ದ ಮೇಲೆ ಮುಳ್ಳಿದ್ದಲ್ಲೆಲ್ಲ ಎಳೆಹುಲ್ಲು ಎದ್ದಿತು.

ಕೊಯ್ಲಿನ ಕಾಲ ಬಂತು. ಅಣ್ಣ ಬೇಲಿಯಂಚಿನ ಹುಲ್ಲನ್ನು ಕೊಯ್ಯುತ್ತಾ ಬರುತ್ತಿದ್ದ. ಈ ಸಲ ಎಲ್ಲಿ ಬಿಡಬೇಕೆಂದು ತಂಗಿ ಹೇಳಿರಲಿಲ್ಲ, ಬಂದು ತೋರಿಸುತ್ತೇನೆ ಎಂದಿದ್ದಳು. ಮಧ್ಯಾಹ್ನ ಅವಳು ಊಟದ ಡಬ್ಬಿ ಹಿಡಿದು ಬಂದಳು. ಡಬ್ಬಿ ಕೆಳಗಿಟ್ಟು, ನೋಯುವ ಮಂಡಿಯನ್ನು ಒಂದು ಕೈಯಲ್ಲಿ ಒತ್ತಿಕೊಂಡು, ಟ್ರ್ಯಾಕ್ಟರಿನ ಮುಂದಿದ್ದ ಹುಲ್ಲಿನೊಳಗೆ ನಡೆದುಹೋಗಿ ನಿಂತಳು. ಹುಲ್ಲು ಈಗ ಅವಳ ಸೊಂಟಕ್ಕೆ ಬರುತ್ತಿತ್ತು.

ಅಣ್ಣ ಬ್ರೇಕ್ ಒತ್ತಿದ. ಗದರುವ ದನಿ ತರಲು ನೋಡಿದ, ಅದು ಬರಲಿಲ್ಲ.

“ಆಚೆ ಬರ್ತೀಯೋ, ಇಲ್ಲ ನಿನ್ನನ್ನೂ ಕೊಯ್ದು ಕಂತೆ ಕಟ್ಲೋ?”

“ಕಟ್ಟು” ಎಂದಳು ತಂಗಿ.

ಅಣ್ಣ ಎಂಜಿನ್ ಆರಿಸಿ, ಇಳಿದು, ಊಟದ ಡಬ್ಬಿ ಬಿಚ್ಚಿದ.