ಕಡ ಕೊಟ್ಟ ಖಾತೆ

ಎರಡು ಮನೆಗಳಿಗೆ ಒಂದೇ ಗೋಡೆ ಇದ್ದರೆ ಏನಾಗುತ್ತದೆ ಅನ್ನುವುದನ್ನು ನಿಮಗೆ ನಾನು ಹೇಳಬೇಕಿಲ್ಲ. ಆ ಕಡೆ ಒಗ್ಗರಣೆ ಹಾಕಿದರೆ ಈ ಕಡೆ ಸೀನು ಬರುತ್ತದೆ. ಆ ಕಡೆ ಹೊಸ ಸಾಮಾನು ಬಂದರೆ ಈ ಕಡೆ ಹೊಟ್ಟೆ ಉರಿಯುತ್ತದೆ.

ಹನುಮಸಾಗರದ ಹತ್ತಿರದ ಒಂದು ಊರಿನಲ್ಲಿ ಇಂಥ ಎರಡು ಮನೆಗಳಿವೆ. ಒಂದರಲ್ಲಿ ಹನುಮಂತಮ್ಮ, ಇನ್ನೊಂದರಲ್ಲಿ ಕವಿತಾ. ಇಬ್ಬರೂ ನೆಗೆಣ್ಣಿಯರು. ಅಣ್ಣ ಕಳಕೇಶನ ಹೆಂಡತಿ ಹನುಮಂತಮ್ಮ, ತಮ್ಮ ಸುಭಾಷನ ಹೆಂಡತಿ ಕವಿತಾ. ಅಣ್ಣತಮ್ಮಂದಿರು ಬೇರೆಯಾದಾಗ ನಡುವೆ ಗೋಡೆ ಎಬ್ಬಿಸಿದರು. ಕಣ್ಣಿಗೆ ಅಡ್ಡವಾಯಿತೇ ಹೊರತು ಕಿವಿಗೆ ಆಗಲಿಲ್ಲ.

ಒಂದು ದಿನ ಕವಿತಾಳ ಮನೆಗೆ ಬಟ್ಟೆ ಒಗೆಯುವ ಮಷಿನ್ ಬಂತು. ಆ ಊರಿನಲ್ಲಿ ನಳದ ನೀರು ಬರುವುದೇ ಅಪರೂಪ. ಆದರೂ ಕವಿತಾ ಆ ಮಷಿನ್ನನ್ನು ಒಳಗಿಡದೆ ಹೊರಗಿನ ಕಟ್ಟೆಯ ಮೇಲೆ, ಓಣಿಯಲ್ಲಿ ಹೋಗಿಬರುವವರೆಲ್ಲ ನೋಡುವಂತೆ ಇಟ್ಟಳು. ಕೊಡದಿಂದ ನೀರು ಸುರಿದು ಅದನ್ನು ತಿರುಗಿಸುತ್ತಿದ್ದಳು. ಅದು ಗುರ್ರ್ ಎಂದಾಗಲೆಲ್ಲ ಹನುಮಂತಮ್ಮ ತನ್ನ ಒಗೆಯುವ ಕಲ್ಲಿಗೆ ಬಟ್ಟೆಯನ್ನು ಎತ್ತಿ ಎತ್ತಿ ಬಡಿಯುತ್ತಿದ್ದಳು. ಗಂಡನ ಎರಡು ಅಂಗಿಗಳ ಗುಂಡಿ ಹಾರಿಹೋದವು.

"ಏ ಮಾರಾಯ್ತಿ, ಅಂಗಿ ಏನ್ ಮಾಡೈತಿ ನಿನಗ?" ಅಂದ ಕಳಕೇಶ. "ನಿನ್ನ ಹೊಟ್ಟ್ಯಾಗಿನ ಉರಿಗೆ ರೊಟ್ಟಿ ಬೇಯಿಸಿದ್ರ ಕಟಗಿ ಆದರೂ ಉಳೀತಾವ."

"ನಗ್ರಿ, ನಗ್ರಿ. ನಿಮ್ಮ ತಮ್ಮ ಹೆಂಡ್ತೀಗೆ ಮಷಿನ್ ತಂದ. ನೀವು ನನಗ ಒಂದು ಸೋಪ್ ತರಾಕ ಎರಡು ಸಲ ಹೇಳಬೇಕು."

ಹೀಗೆ ಹೇಳಿದಳೆಂದು ಹನುಮಂತಮ್ಮನನ್ನು ಕೈಲಾಗದವಳು ಅಂದುಕೊಳ್ಳಬೇಡಿ. ಅವಳದು ಒಂದು ಎಮ್ಮೆ. ದಿನವೂ ಡೈರಿಗೆ ಹಾಲು ಹಾಕುತ್ತಾಳೆ. ಹಾಲಿನ ದುಡ್ಡು ಅವಳ ಹೆಸರಿನ ಖಾತೆಗೇ ಬೀಳುತ್ತದೆ. ಒಂದು ಪೈಸೆಯನ್ನೂ ಮುಟ್ಟದೆ ಕೂಡಿಹಾಕಿದ್ದಳು. ಇನ್ನೊಂದು ಎಮ್ಮೆ ತರಬೇಕೆಂಬುದೇ ಅವಳ ಆಸೆ. ಯಲಬುರ್ಗಾ ಕಡೆಯ ರೆಹಮಾನ ಎಂಬವರ ಹತ್ತಿರ ಒಂದು ಮುರ್ರಾ ತಳಿಯ ಎಮ್ಮೆಯನ್ನು ನೋಡಿಯೂ ಬಂದಿದ್ದಳು. ಅದರ ಬೆನ್ನು ಸವರಿದಾಗ ಅದು ತಿರುಗಿ ಅವಳ ಸೆರಗನ್ನೇ ನೆಕ್ಕಿತು. ಅಲ್ಲಿಗೆ ಮುಗಿಯಿತು, ಆ ಎಮ್ಮೆ ತನ್ನದೇ ಎಂದು ತೀರ್ಮಾನಿಸಿಬಿಟ್ಟಳು. "ಮುಂದಿನ ಸಂತೀತನಕ ಬ್ಯಾರೆಯವರಿಗೆ ಕೊಡಂಗಿಲ್ಲ, ಆಮ್ಯಾಲ ನನ್ನ ಅನಬ್ಯಾಡ್ರಿ" ಅಂದಿದ್ದರು ರೆಹಮಾನ.

ಇಷ್ಟು ಇದ್ದರೆ ಸಾಲದೇ? ಸಾಲಲಿಲ್ಲ. ಗೋಡೆಯ ಆಚೆ ಮಷಿನ್ ತಿರುಗುತ್ತಿರುವಾಗ ಯಾರಿಗೆ ತಾನೆ ಸಾಕಾದೀತು!

ಒಂದು ಸಂಜೆ ಮೈದುನ ಸುಭಾಷನನ್ನು ಹಿಡಿದು ನಿಲ್ಲಿಸಿ ಕೇಳಿಯೇಬಿಟ್ಟಳು. "ನಿಂದು ಕೂಲಿ, ನಮ್ಮವರದೂ ಕೂಲಿ. ನಿಮ್ಮ ಮನ್ಯಾಗ ಮಾತ್ರ ಹೆಂಗ ಬಂತಪ್ಪಾ ಲಕ್ಷ್ಮಿ?"

ಸುಭಾಷ ಆಚೀಚೆ ನೋಡಿ ದನಿ ತಗ್ಗಿಸಿದ. "ಅತ್ತಿಗಿ, ಗಂಗಾವತ್ಯಾಗ ಗೋವಿಂದರಾಜ ಅಂತ ಒಬ್ಬರು ಅದಾರ. ಕವಿತಾನ ಬ್ಯಾಂಕ್ ಖಾತಿ ಅವರಿಗೆ ಕೊಟ್ಟೀವಿ. ತಿಂಗಳಾ ತಿಂಗಳಾ ಬಾಡಿಗಿ ಕೊಡ್ತಾರ."

"ಖಾತಿಗೆ ಬಾಡಿಗಿ? ಅದೇನು ಮನಿ ಏನೋ?"

"ಹಂಗ ಅಲ್ಲ. ಫೋನಿನಾಗ ಇಸ್ಪೀಟ್ ಆಡ್ತಾರಲ್ಲ, ಅದರ ರೊಕ್ಕ ನಮ್ಮ ಖಾತಿಗೆ ಬಂದು ಹೋಗತೈತಿ, ಅಷ್ಟ. ಪೋಕರ್ ಅಂತಾರ ಅದಕ್ಕ. ಆಟ ಅಮೆರಿಕಾದ್ದು. ಅಲ್ಲಿ ಕಾನೂನು ಒಪ್ಪೈತಿ, ಕೋಟು ಬೂಟು ಹಾಕ್ಕೊಂಡ ಮಂದಿ ಆಡ್ತಾರ. ಅಲ್ಲಿ ಛಲೋ ಇದ್ದದ್ದು ಇಲ್ಲಿ ಹೆಂಗ ಕೆಟ್ಟದ್ದು ಆಕ್ಕತಿ, ನೀನ ಹೇಳು."

ನಮ್ಮ ಓಣಿಗಳಲ್ಲಿ ಒಂದು ಪದ್ಧತಿ ಇದೆ. ಬಿತ್ತುವ ಕಾಲಕ್ಕೆ ಕೂರಿಗೆ ಇಲ್ಲದವನು ಇದ್ದವನ ಹತ್ತಿರ ಕಡ ಕೇಳುತ್ತಾನೆ. ಬಿತ್ತಿ, ತೊಳೆದು, ತಂದು ಇಡುತ್ತಾನೆ. ಕೂರಿಗೆ ಸವೆಯುವುದಿಲ್ಲ, ಕೊಟ್ಟವನಿಗೆ ಮರ್ಯಾದೆಯೂ ಸಿಗುತ್ತದೆ. ಖಾತೆಯೂ ಹಾಗೇ ಅಂದುಕೊಂಡಳು ಹನುಮಂತಮ್ಮ. ಕೊಟ್ಟರೆ ನನ್ನದೇನು ಹೋಗುತ್ತದೆ? ಅದಕ್ಕಿಂತ ಹೆಚ್ಚಾಗಿ, ಕವಿತಾ ಕೊಟ್ಟ ಮೇಲೆ ನಾನು ಕೊಡದೆ ಇರುವುದು ಹೇಗೆ?

ಮರುದಿನ ಎಟಿಎಂ ಕಾರ್ಡನ್ನೂ ಖಾತೆಗೆ ಜೋಡಿಸಿದ ಸಿಮ್ಮನ್ನೂ ಸೆರಗಿನ ತುದಿಗೆ ಕಟ್ಟಿಕೊಂಡು ಮೈದುನನ ಮನೆಗೆ ಹೋದಳು. ಕಟ್ಟೆಯ ಮೇಲೆ ಕುಳಿತಿದ್ದ ಕವಿತಾಳ ಮುಖ ಬಿಳುಪೇರಿತು.

"ಅಕ್ಕಾ, ಒಂದು ಮಾತು..." ಎಂದು ಎದ್ದಳು.

ಹನುಮಂತಮ್ಮ ಅವಳ ಬಾಯಿ ಮುಚ್ಚಿಸಿದಳು. "ಯಾಕವ್ವಾ? ನನ್ನ ಮನಿಗೂ ನಾಕು ಸಾಮಾನು ಬಂದ್ರ ನಿನಗ ಸಂಕಟ ಆಕ್ಕೈತೇನು?"

ಕವಿತಾ ಮತ್ತೆ ಕುಳಿತಳು. ಮಷಿನ್ನಿನ ಮೇಲಿನ ಧೂಳನ್ನು ಸೆರಗಿನಿಂದ ಒರೆಸತೊಡಗಿದಳು. ಸುಭಾಷ ಕಾರ್ಡನ್ನೂ ಸಿಮ್ಮನ್ನೂ ಜೇಬಿಗೆ ಹಾಕಿಕೊಂಡು ಗಂಗಾವತಿ ಬಸ್ಸು ಹತ್ತಿದ.

ಮೊದಲ ತಿಂಗಳ ಬಾಡಿಗೆ ಮುಂಗಡವಾಗಿಯೇ ಕೈಗೆ ಬಂತು. ಹನುಮಂತಮ್ಮ ಒಂದು ಮಿಕ್ಸರ್ ತಂದಳು. ರುಬ್ಬಲು ಏನೂ ಇಲ್ಲದಿದ್ದರೂ ಗೋಡೆಗೆ ಹತ್ತಿಸಿ ಇಟ್ಟು ಹಾಗೇ ತಿರುಗಿಸಿದಳು. ಆಚೆ ಕೇಳಿಸಲಿ ಎಂದು.

ಸಂತೆಯ ಹಿಂದಿನ ದಿನ ಎಮ್ಮೆಯ ದುಡ್ಡು ತೆಗೆಯಲು ಪಂಚಾಯಿತಿಗೆ ಹೋದಳು. ಅಲ್ಲಿ ಮುಬಾಶಿರಾ ಇರುತ್ತಾಳೆ. ಬ್ಯಾಂಕಿನ ಪರವಾಗಿ ಊರಲ್ಲೇ ಕುಳಿತು, ಹೆಬ್ಬೆರಳು ಒತ್ತಿಸಿಕೊಂಡು ದುಡ್ಡು ಕೊಡುವ ಹುಡುಗಿ. ಹನುಮಂತಮ್ಮ ಹೆಬ್ಬೆರಳು ಒತ್ತಿದಳು. ಮಷಿನ್ ಆಗುವುದಿಲ್ಲ ಎಂದಿತು. ಬೆರಳು ಒರೆಸಿ ಮತ್ತೆ ಒತ್ತಿದಳು. ಮತ್ತೂ ಆಗುವುದಿಲ್ಲ ಎಂದಿತು.

ಮುಬಾಶಿರಾ ಬ್ಯಾಂಕಿಗೆ ಫೋನ್ ಹಚ್ಚಿ ಮಾತಾಡಿದಳು. ಫೋನಿಟ್ಟಾಗ ಅವಳ ನಗು ಮಾಯವಾಗಿತ್ತು.

"ಹನುಮಕ್ಕ, ನಿನ್ನ ಖಾತಿ ತಡೆಹಿಡದಾರ. ಬ್ಯಾರೆ ರಾಜ್ಯದ ಸೈಬರ್ ಪೊಲೀಸ್ರು ಬರದಾರಂತ. ಗುರುತಿಲ್ಲದವರ ರೊಕ್ಕ ಬಂದು ಹೋಗೈತಿ ಇದರಾಗ. ಖಾತಿ ಯಾರಿಗರ ಕೊಟ್ಟಿದ್ದೇನು?"

ಹನುಮಂತಮ್ಮ ಅಲ್ಲೇ ಬೆಂಚಿನ ಮೇಲೆ ಕುಳಿತು ಎಲ್ಲ ಹೇಳಿದಳು. ಹೇಳಿ ಮುಗಿಸಿ ಜಗಳಕ್ಕೇ ನಿಂತಳು. "ನಾ ಏನ್ ಇಸ್ಪೀಟ್ ಆಡೀನೇನು? ಎಲಿ ಸುದ್ದಾ ಮುಟ್ಟಿಲ್ಲ. ಮತ್ತ ಅದು ಅಮೆರಿಕಾದಾಗ ನಡೀತೈತಂತಲ್ಲ?"

"ಅಮೆರಿಕಾದಾಗೂ ಎಲ್ಲಾ ಕಡೆ ನಡೆಯಂಗಿಲ್ಲ ಅಕ್ಕಾ. ಕೆಲವ ರಾಜ್ಯದಾಗ ಮಾತ್ರ, ಅದೂ ಲೈಸೆನ್ಸ್ ಇದ್ದವರು ನಡಸಬೇಕು. ಕಾನೂನು ಮೀರಿದ ಆಟದ ರೊಕ್ಕ ಮುಟ್ಟಬ್ಯಾಡ್ರಿ ಅಂತ ಅಲ್ಲಿ ಬ್ಯಾಂಕಿನವರಿಗೂ ತಾಕೀತು ಐತಿ. ಅಲ್ಲೀದು ಅಲ್ಲಿಗಾತು. ನಮ್ಮ ದೇಶದಾಗ ಎರಡು ಸಾವಿರದ ಇಪ್ಪತ್ತೈದರಾಗ ಕಾಯ್ದೆ ಬಂದೈತಿ. ರೊಕ್ಕ ಕಟ್ಟಿ ಫೋನಿನಾಗ ಆಡೋ ಆಟ ನಡಸೋದು, ಅದರ ಜಾಹೀರಾತು ಮಾಡೋದು, ಅದರ ರೊಕ್ಕ ಸಾಗಸೋದು, ಎಲ್ಲಾ ಅಪರಾಧ. ಆಟ ಯಾವ ದೇಶದ್ದರ ಇರಲಿ."

"ಸಾಗಸೋದು ಅಂದ್ರ?"

"ನಿನ್ನ ಖಾತಿ ಮಾಡೇತಲ್ಲ, ಅದ."

"ಕೂರಿಗಿ ಕೊಟ್ಟಂಗ ಕೊಟ್ಟೀನಿ ನಾ!"

"ಕೂರಿಗಿ ಅಲ್ಲ ಅಕ್ಕಾ ಅದು, ಹೊಲ. ಹೊಲ ಕೊಟ್ಟಿ, ಅವ ಏನ್ ಬಿತ್ತಿದ ಅಂತ ನೋಡಲಿಲ್ಲ. ಬೆಳೆದದ್ದು ಗಾಂಜಾ. ಈಗ ಪೊಲೀಸ್ರು ಬಂದು ಪಹಣಿ ಯಾರ ಹೆಸರಿಲೆ ಐತಿ ಅಂತ ಕೇಳ್ತಾರ. ನಿನ್ನ ಹೆಸರ ಕಾಣತೈತಿ, ಗೋವಿಂದರಾಜಂದು ಎಲ್ಲೂ ಕಾಣಂಗಿಲ್ಲ."

"ನನ್ನ ಹಾಲಿನ ರೊಕ್ಕ?"

"ಅದೂ ಅದರಾಗ ಸಿಕ್ಕೊಂಡೈತಿ."

ಎಮ್ಮೆ ಕಣ್ಣ ಮುಂದೆ ಬಂತು. ಹನುಮಂತಮ್ಮ ಬಾಯಿಗೆ ಸೆರಗು ಹಿಡಿದು ಅತ್ತಳು. ಅಳುತ್ತಾ ಅಳುತ್ತಾ ಅವಳಿಗೆ ಮೊದಲು ಹೊಳೆದದ್ದೇನು ಗೊತ್ತೇ? ಕವಿತಾಳ ಖಾತೆ ಮಾತ್ರ ಯಾಕೆ ಬಂದ್ ಆಗಲಿಲ್ಲ! ಮುಳುಗುವಾಗಲೂ ಪಕ್ಕದವಳು ತೇಲುತ್ತಿದ್ದಾಳಾ ಎಂದು ನೋಡುವ ಬುದ್ಧಿ, ಏನು ಮಾಡುವುದು!

ನೆಟ್ಟಗೆ ಕವಿತಾಳ ಅಂಗಳಕ್ಕೆ ನುಗ್ಗಿದಳು. ಓಣಿಯೆಲ್ಲ ಕೇಳುವಂತೆ ಕೂಗಿದಳು. "ನನ್ನ ಖಾತಿ ಹಾಳ ಮಾಡಿ ನೀ ಮಾತ್ರ ಮಷಿನ್ ತಿರುಗಸ್ಕೋಂತ ಕುಂತಿ! ನಿನ್ನ ರೊಕ್ಕ ಮಾತ್ರ ಹೆಂಗ ಉಳೀತವ್ವಾ? ಹೇಳ!"

ಕವಿತಾ ಕೈಲಿದ್ದ ಕೊಡವನ್ನು ಕೆಳಗಿಟ್ಟಳು. "ನಂದೂ ಬಂದ್ ಆಗೈತಿ ಅಕ್ಕಾ."

"ಯಾವಾಗ?"

"ನೀ ಕೊಡಾಕ ಬರೂಕಿಂತ ಮೊದಲ."

ಸುಳ್ಳು ಹೇಳಬಾರದು, ಆ ಮಾತು ಕೇಳಿ ಹನುಮಂತಮ್ಮನಿಗೆ ಒಂದು ಗಳಿಗೆ ಸಂತೋಷವೇ ಆಯಿತು. ಹೊಟ್ಟೆ ತಣ್ಣಗಾದಂತಾಯಿತು. ಆಮೇಲೆ ಆ ಮಾತಿನ ಅರ್ಥ ಆಯಿತು.

"ಮೊದಲ ಅಂದ್ರ... ಗೊತ್ತಿದ್ದೂ ಸುಮ್ಮನಿದ್ದೀ ಏನ?"

"ಹೇಳಾಕ ಬಂದೆ. ನಿನಗ ಸಂಕಟ ಆಕ್ಕೈತೇನು ಅಂದಿ. ಅಂದಕೂಡ್ಲೆ ನನ್ನ ಬಾಯಿ ಕಟ್ಟಿತು." ಕವಿತಾಳ ಕಣ್ಣು ತುಂಬಿದವು. "ಗೃಹಲಕ್ಷ್ಮಿ ರೊಕ್ಕ, ಕೂಲಿ ರೊಕ್ಕ, ಎಲ್ಲಾ ಅದರಾಗ ಕುಂತೈತಿ. ಇನ್ನೊಂದು ಖಾತಿ ತಂದುಕೊಟ್ರ ನಿನ್ನ ಹೆಂಡ್ತೀದು ಬಿಡಸ್ತೀನಿ ಅಂತ ಇವರಿಗೆ ಆ ಗೋವಿಂದರಾಜ ಹೇಳಿದ. ಅಷ್ಟರಾಗ ನೀನ ಇವರನ್ನ ನಿಲ್ಲಿಸಿ ಕೇಳಿದಿ. ನಾ ತಡೀಬೇಕಿತ್ತು. ಆದ್ರ ಹೆಂಗ ಹೇಳ್ಲಿ? ನಿನ್ನ ಎಮ್ಮಿ, ನಿನ್ನ ಡೈರಿ ರೊಕ್ಕ ನೋಡಿ ನೋಡಿ ನನಗೂ ಉರೀತಿತ್ತು. ನಿನ್ನ ಮುಂದ ನನ್ನ ಕೈ ಖಾಲಿ ಅಂತ ಒಪ್ಪಿಕೊಳ್ಳಾಕ ಜೀವ ಒಲ್ಲೆ ಅಂತು."

ಹನುಮಂತಮ್ಮ ಕಟ್ಟೆಯ ಮೇಲೆ ದೊಪ್ಪನೆ ಕುಳಿತಳು. ಒಂದು ಮಾತು ಕೇಳಿಸಿಕೊಂಡಿದ್ದರೆ ಎಮ್ಮೆ ಉಳಿಯುತ್ತಿತ್ತು. ಕೇಳಿಸಿಕೊಳ್ಳದೆ ಇದ್ದವಳು ತಾನೇ.

ಅಷ್ಟರಲ್ಲಿ ಮುಬಾಶಿರಾ ಹಿಂದೆಯೇ ಬಂದಿದ್ದಳು. "ಅಳೋದು ಆಮ್ಯಾಲ ಆಗಲಿ. ಈಗ ಬ್ಯಾಂಕಿಗೆ ನಡೀರಿ, ಸಿಮ್ಮು ಕಾರ್ಡು ಎರಡೂ ಬಂದ್ ಮಾಡಸ್ರಿ. ಆಮ್ಯಾಲ ಕೊಪ್ಪಳದ ಸೈಬರ್ ಠಾಣೆಗೆ ಹೋಗಿ ಇದ್ದದ್ದು ಇದ್ದಂಗ ಹೇಳ್ರಿ. ಮುಚ್ಚಿಟ್ಟಷ್ಟೂ ನೀವ ಕಳ್ಳರ ಗುಂಪಿನವರು ಅನ್ನಸ್ಕೋತೀರಿ."

ಸುಭಾಷ ಬಾಗಿಲಿನ ಹಿಂದಿನಿಂದ ಗೊಣಗಿದ. "ಠಾಣೆಗೆ ಹೋದ್ರ ನನ್ನ ಒಳಗ ಹಾಕ್ತಾರ. ನಾಕು ದಿನ ತಡೀರಿ, ಗೋವಿಂದರಾಜ್ ಸಾಹೇಬ್ರು ಬಿಡಸ್ತಾರ."

ಹೆಂಡತಿಯ ಕೂಗು ಕೇಳಿ ಬಂದು ನಿಂತಿದ್ದ ಕಳಕೇಶ ತಮ್ಮನಿಗೆ ಹೇಳಿದ. "ಫೋನ್ ಹಚ್ಚು ಅವನಿಗೆ. ಈಗ ಹಚ್ಚು, ಎಲ್ಲಾರ ಮುಂದ."

ಸುಭಾಷ ಫೋನ್ ಹಚ್ಚಿದ. ನಂಬರು ಚಾಲ್ತಿಯಲ್ಲಿಲ್ಲ ಎಂದಿತು. ಮತ್ತೆ ಹಚ್ಚಿದ. ಅದೇ ಮಾತು. ಸುಭಾಷ ಒಳಗೆ ಹೋಗಿ ಅಂಗಿ ಹಾಕಿಕೊಂಡು ಬಂದು, "ನಡೀರಿ" ಅಂದ.

ಠಾಣೆಯಲ್ಲಿ ಇಬ್ಬರೂ ನೆಗೆಣ್ಣಿಯರು ಪಕ್ಕಪಕ್ಕ ಕುಳಿತು ಹೇಳಿಕೆ ಕೊಟ್ಟರು. ಪೊಲೀಸರು ಸುಭಾಷನನ್ನು ಬಹಳ ಹೊತ್ತು ಕೇಳಿದರು, ಬೈದರು, ಮತ್ತೆ ಕರೆದಾಗ ಬರಬೇಕೆಂದು ಹೇಳಿ ಕಳಿಸಿದರು. ಖಾತೆ ಬಿಡುಗಡೆಗೆ ಹಾಲಿನ ಲೆಕ್ಕ ತೋರಿಸಿ ಅರ್ಜಿ ಕೊಡಬೇಕು, ತಡವಾಗುತ್ತದೆ ಎಂದರು. ಸಂತೆ ಮುಗಿದ ಸಂಜೆ ರೆಹಮಾನ ಫೋನ್ ಮಾಡಿದರು. "ಅಕ್ಕಾ, ಸಂತಿ ಮುಗಿಯೂತನಕ ನಿಮ್ಮ ದಾರಿ ನೋಡಿದೆ. ಎಮ್ಮೀನ ಕುಷ್ಟಗಿಯವರು ಹೊಡಕೊಂಡು ಹೋದ್ರು." ಹನುಮಂತಮ್ಮ "ಆಗಲಿ ಬಿಡ್ರಿ" ಅಂದಳು. ಆ ರಾತ್ರಿ ಉಣ್ಣಲಿಲ್ಲ.

ಮುಂದಿನ ವಾರ ಸ್ವಸಹಾಯ ಸಂಘದ ಸಭೆ. ಹಿಂದಿನ ದಿನವಷ್ಟೇ ತವರಿನಿಂದ ಮರಳಿದ್ದ ಎದುರುಮನೆಯ ದುರುಗವ್ವ ಸೊಂಟಕ್ಕೆ ಕೈಕೊಟ್ಟು ನಿಂತಳು. "ನೀವಿಬ್ಬರು ಮಷಿನ್ನು, ಮಿಕ್ಸರ್ ತಂದೀರಿ. ಹೆಂಗ ಅಂತ ನಮಗ್ಯಾಕ ಹೇಳವಲ್ರಿ? ನನಗೂ ಒಬ್ಬ ಫೋನ್ ಮಾಡ್ಯಾನ, ಖಾತಿ ಕೊಡು, ಬಾಡಿಗಿ ಕೊಡ್ತೀನಿ ಅಂತ. ನಾಳೆ ಕೊಡಾಕ ಹೊಂಟೀನಿ. ನೀವಷ್ಟ ಉಂಡ್ರ ಸಾಕೇನು?"

ಆ ದನಿಯಲ್ಲಿದ್ದ ಉರಿ ಹನುಮಂತಮ್ಮನಿಗೆ ಚೆನ್ನಾಗಿ ಗುರುತಿತ್ತು. ಎದ್ದು ನಿಂತಳು. ಇಡೀ ಸಂಘ ನೋಡುತ್ತಿತ್ತು. ಮರ್ಯಾದೆ ಹೋಗುತ್ತದೆ ಎಂದು ನಾಲಗೆ ತಡವರಿಸಿತು. ಆಗ ಕವಿತಾ ಎದ್ದು ಅವಳ ಕೈ ಹಿಡಿದಳು.

"ದುರುಗವ್ವ, ನಾವು ಉಂಡಿಲ್ಲ," ಅಂದಳು ಕವಿತಾ. "ನನ್ನ ಕೈಯಾಗ ಇವತ್ತು ಬಸ್ಸಿಗೆ ರೊಕ್ಕ ಇಲ್ಲ."

"ನನ್ನ ಎಮ್ಮಿ ಹೋತು," ಅಂದಳು ಹನುಮಂತಮ್ಮ. "ಈಕಿನ್ನ ನೋಡಿ ಉರಕೊಂಡು ಕೊಟ್ಟೆ ನಾ. ನೀ ನಮ್ಮನ್ನ ನೋಡಿ ಉರಕೋಬ್ಯಾಡ."

ದುರುಗವ್ವ ಇಬ್ಬರ ಮುಖವನ್ನೂ ನೋಡಿದಳು. ಆಮೇಲೆ ಕುಪ್ಪಸದೊಳಗಿನ ಚೀಲ ತೆಗೆದು, ತನ್ನ ಎಟಿಎಂ ಕಾರ್ಡು ಅಲ್ಲೇ ಇದೆಯೇ ಎಂದು ಮುಟ್ಟಿ ನೋಡಿಕೊಂಡು, ಮತ್ತೆ ಒಳಗಿಟ್ಟು, "ಕೊಡಂಗಿಲ್ಲ ಬಿಡ್ರಿ" ಅಂದಳು.

ಅಕ್ಕಂದಿರೇ, ಅಣ್ಣಂದಿರೇ, ಈಗ ನಿಮ್ಮ ಸರದಿ. ಕೂರಿಗೆ ಕೊಡಿ, ಕೊಡ ಕೊಡಿ, ಬೇಕಾದರೆ ಕೊಟ್ಟಿಗೆಯಲ್ಲಿ ಜಾಗ ಕೊಡಿ. ಬ್ಯಾಂಕ್ ಖಾತೆ, ಎಟಿಎಂ ಕಾರ್ಡು, ಸಿಮ್ಮು, ಫೋನಿಗೆ ಬರುವ ಓಟಿಪಿ ಮಾತ್ರ ಯಾರಿಗೂ ಕೊಡಬೇಡಿ. ಸ್ವಂತ ಮೈದುನ ಕೇಳಿದರೂ ಬೇಡ. ಹಣ ಕಟ್ಟಿ ಫೋನಿನಲ್ಲಿ ಆಡುವ ಆಟ ಅಮೆರಿಕಾದ್ದು ಎಂದರೂ, ಸ್ವರ್ಗದ್ದೇ ಎಂದರೂ ನಂಬಬೇಡಿ. ಮೋಸ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ನಿಮ್ಮ ಬ್ಯಾಂಕಿಗೂ ತಿಳಿಸಿ. ಪಕ್ಕದ ಮನೆಯವರಿಗೂ ಅವತ್ತೇ ಹೇಳಿ. ಅವರ ಮೇಲೆ ನಿಮಗೆ ಎಷ್ಟೇ ಹೊಟ್ಟೆಕಿಚ್ಚಿರಲಿ, ಮೊದಲು ಹೇಳಿ. ಆಮೇಲೆ ಬೇಕಾದರೆ ಉರಿದುಕೊಳ್ಳಿ.